ಅಚ್ಚಿನಲ್ಲಿ ಬಾರದ ಚಿತ್ತಾರ

ಕಾಮಿಕ್ಸ್ ಓದಿ ಬೆಳೆದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕಲಾವಿದ ಕೈಯಾರೆ ಬರೆದ ಮೂಲ ಹಾಳೆಯನ್ನು ಕಣ್ಣಾರೆ ಕಂಡವರು ತೀರಾ ಕಡಿಮೆ. ನಾವು ಓದಿದ್ದೆಲ್ಲ ಅಚ್ಚಾದ ಪುಟ. ಅದಕ್ಕೂ ಮೊದಲು ಒಂದು ದಪ್ಪ ಹಾಳೆ ಇತ್ತು, ಅದರ ಮೇಲೆ ಪೆನ್ಸಿಲ್ ಓಡಾಡಿತ್ತು, ಮಸಿ ಒಣಗಿತ್ತು, ಮಾತಿನ ಚೀಟಿಗಳನ್ನು ಯಾರೋ ಕೂತು ಅಂಟಿಸಿದ್ದರು ಅನ್ನೋದು ಓದುವಾಗ ನೆನಪಿಗೂ ಬರುವುದಿಲ್ಲ. ನೆನಪಿಗೆ ಬರಬಾರದು ಅಂತಲೇ ಅವರು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದರು.

ಅಂಥ ಒಂದು ಹಾಳೆ ಈ ಸಲದ ಅಡಿಕೆ ಕೊಯ್ಲಿನ ಹೊತ್ತಿಗೆ ಶಿವಮೊಗ್ಗದ ನಮ್ಮ ಮನೆಗೆ ಬಂತು. 1981ರಲ್ಲಿ ಕನ್ನಡದ ಒಂದು ಮಕ್ಕಳ ಮಾಸಿಕದಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಚಿತ್ರಕಥೆಯ ಪುಟ ಅದು. ಕೆಳದಿ ಚೆನ್ನಮ್ಮನ ಕಾಲದ ಕಥೆ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಚೆನ್ನಮ್ಮ ಆಶ್ರಯ ಕೊಟ್ಟಳಲ್ಲ, ಆ ದಿನಗಳಲ್ಲಿ ಓಲೆ ಹೊತ್ತು ಕಾಡು ದಾಟುವ ಒಬ್ಬ ಹುಡುಗನ ಸಾಹಸ. ಹುಡುಗ ಕಲ್ಪನೆಯವನು, ಕಾಲ ಮಾತ್ರ ನಿಜದ್ದು. ಆ ಮಾಸಿಕ ಈಗ ಇಲ್ಲ. ಕಲಾವಿದರೂ ಇಲ್ಲ. ಅವರ ಹೆಸರು ಬರೆಯುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಅವರ ಮಾತನ್ನು ಉಳಿಸಿಕೊಳ್ಳುತ್ತೇನೆ.

ಈ ಕಥೆಯನ್ನು ನಾನು ಚಿಕ್ಕವನಿದ್ದಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ತಂದ ಹಳೇ ಸಂಚಿಕೆಗಳಲ್ಲಿ ಓದಿದ್ದೆ. ಬೇಸಿಗೆ ರಜೆಯಲ್ಲಿ ಅದೇ ಕೆಲಸ. ದೊಡ್ಡವನಾದ ಮೇಲೆ ಹಳೇ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕಿದ ಸಂಚಿಕೆಗಳನ್ನು ಕೂಡಿಸುತ್ತಾ ಬಂದೆ. ಹಾಗಾಗಿ ದುರ್ಗಿಗುಡಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿಯವರಿಗೆ ನನ್ನ ಈ ಹುಚ್ಚು ಗೊತ್ತು. ಅವರೇ ಒಂದು ಸಂಜೆ ಫೋನ್ ಮಾಡಿದರು.

"ಸರ್, ಒಂದು ಕಾಮಿಕ್ಸ್ ಚಿತ್ರ ಬಂದಿದೆ. ಕೈಯಲ್ಲೇ ಬರೆದಿದ್ದು. ಫ್ರೇಮಿಗೆ ಜಾಸ್ತಿ ಆಗ್ತಿದೆ, ಅಂಚು ಕತ್ತರಿಸ್ಬೇಕು. ಅದಕ್ಕೂ ಮೊದಲು ನೀವೊಂದ್ಸಲ ನೋಡ್ತೀರಾ?"

ಹೋಗಿ ನೋಡಿದೆ. ಮೇಜಿನ ಮೇಲೆ ಹೊಗೆಬಣ್ಣಕ್ಕೆ ತಿರುಗಿದ ಹಾಳೆ. ಪಕ್ಕದಲ್ಲಿ ಸ್ಟೀಲ್ ಸ್ಕೇಲು, ಕಟ್ಟರ್. ನಾನು ಮೊದಲು ಹೇಳಿದ ಮಾತು ಕತ್ತರಿಸಬೇಡಿ ಅಂತ. ಯಾಕೆಂದರೆ ಮೂಲ ಹಾಳೆಯಲ್ಲಿ ಅಂಚೇ ಅರ್ಧ ಕಥೆ ಹೇಳುತ್ತದೆ. ಆ ಹಾಳೆಯ ಎಡ ಅಂಚಿನಲ್ಲಿ ಬ್ಲಾಕ್, ಅಂದರೆ ಅಚ್ಚು ಹಾಕುವ ತಗಡು, ಎಷ್ಟು ಅಗಲ ಬರಬೇಕು ಅಂತ ಕೆಂಪು ಪೆನ್ಸಿಲಿನಲ್ಲಿ ಬರೆದಿತ್ತು. ಮೇಲೆ ಪುಟದ ಸಂಖ್ಯೆ. ಕೆಳಗೆ, ಬೇರೆ ಕೈಬರಹದಲ್ಲಿ, ಸಂಪಾದಕರದ್ದೇ ಇರಬೇಕು, ಒಂದು ಸಾಲು: "ಮಳೆ ಸ್ವಲ್ಪ ಕಡಿಮೆ ಮಾಡಿ." ಆ ಪುಟ ಅಚ್ಚಾದ ಸಂಚಿಕೆ ನನ್ನ ಹತ್ತಿರ ಇದೆ. ಮಳೆ ಒಂದು ಹನಿಯೂ ಕಡಿಮೆ ಆಗಿಲ್ಲ. ಮಲೆನಾಡಿನಲ್ಲಿ ಹುಟ್ಟಿದ ಮನುಷ್ಯ ಮಳೆ ವಿಷಯದಲ್ಲಿ ರಾಜಿ ಆಗಿಲ್ಲ ನೋಡಿ. ನನಗೆ ಆ ಕಲಾವಿದರ ಮೇಲೆ ಪ್ರೀತಿ ಉಕ್ಕಿದ್ದು ಆ ಕ್ಷಣದಲ್ಲೇ.

ಪುಟ ಕೊಂಡುಕೊಳ್ಳುವ ಮಾತು ಆಮೇಲಿನದು. ಮೊದಲು ಪುಟವನ್ನೇ ಹೇಳಬೇಕು.

ಆಗಿನ ಕಾಲದಲ್ಲಿ ಕೆಲಸ ಹೀಗೆ ನಡೆಯುತ್ತಿತ್ತು. ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ ಬರೆಯುತ್ತಿದ್ದರು. ಕ್ಯಾಮೆರಾದಲ್ಲಿ ಅದನ್ನು ಚಿಕ್ಕದು ಮಾಡಿದಾಗ ಗೆರೆಯ ಸಣ್ಣಪುಟ್ಟ ನಡುಕ ಮುಚ್ಚಿಹೋಗುತ್ತದೆ, ಗೆರೆ ಚೂಪಾಗಿ ಕಾಣುತ್ತದೆ. ಅಮೆರಿಕದ ಕಾಮಿಕ್ಸ್ ಕಲಾವಿದರು 1960ರ ದಶಕದ ನಡುವಿನವರೆಗೂ ಅಚ್ಚಿನ ಎರಡು ಪಟ್ಟು ಅಳತೆಯಲ್ಲಿ ಬರೆಯುತ್ತಿದ್ದರು. 1967ರ ಆಸುಪಾಸಿನಲ್ಲಿ ಅದು ಒಂದೂವರೆ ಪಟ್ಟಿಗೆ ಇಳಿಯಿತು. 11 ಇಂಚು ಅಗಲ, 17 ಇಂಚು ಉದ್ದದ ಹಾಳೆ ಅಲ್ಲಿ ರೂಢಿಗೆ ಬಂದದ್ದು ಹಾಗೆ. ನಮ್ಮ ಪುಟ ಅಚ್ಚಿನ ಎರಡು ಪಟ್ಟಿನ ಹತ್ತಿರ ಬರುತ್ತದೆ.

ಮೊದಲು ಪೆನ್ಸಿಲ್. ಕೆಲವರು ತಿಳಿ ನೀಲಿ ಪೆನ್ಸಿಲ್ ಹಿಡಿಯುತ್ತಿದ್ದರು. ಬ್ಲಾಕ್ ಮಾಡಲು ಫೋಟೋ ತೆಗೆಯುವ ಫಿಲ್ಮಿಗೆ ತಿಳಿ ನೀಲಿ ಬಣ್ಣ ಬಿಳಿಯಾಗಿಯೇ ಕಾಣುತ್ತದೆ, ಅಳಿಸುವ ಶ್ರಮ ಇಲ್ಲ. ಅದರ ಮೇಲೆ ಇಂಡಿಯನ್ ಇಂಕ್. ದಪ್ಪ ಕಪ್ಪಿಗೆ ಬ್ರಷ್, ಸಣ್ಣ ಗೆರೆಗೆ ನಿಬ್ಬು. ತಪ್ಪಿದ ಕಡೆ ಬಿಳಿ ಪೋಸ್ಟರ್ ಬಣ್ಣ. ಮಾತುಗಳನ್ನು ಬೇರೆ ಕಾಗದದಲ್ಲಿ ಬರೆಸಿ, ಕತ್ತರಿಸಿ, ಚಿತ್ರದಲ್ಲಿನ ಮಾತಿನ ಗುಳ್ಳೆಗಳ ಮೇಲೆ ಅಂಟಿಸುತ್ತಿದ್ದರು. ಆಮೇಲೆ ಫೋಟೋ, ಅದರಿಂದ ಸತುವಿನ ತಗಡಿನ ಮೇಲೆ ಬ್ಲಾಕ್, ಆ ಬ್ಲಾಕಿನಿಂದ ಅಚ್ಚು. ಬ್ಲಾಕ್ ಆಯಿತು ಅಂದರೆ ಹಾಳೆಯ ಕೆಲಸ ಮುಗಿಯಿತು.

ನಮ್ಮ ಪುಟದಲ್ಲಿ ಆರು ಚೌಕ. ರಾತ್ರಿ, ಜೋರು ಮಳೆ. ಹುಡುಗ ಹೊಳೆ ದಂಡೆಗೆ ಬರುತ್ತಾನೆ. ಅಂಬಿಗನ ಮನೆ ಬಾಗಿಲು ತಟ್ಟುತ್ತಾನೆ. ಅಂಬಿಗ ಮೊದಲು ಒಲ್ಲೆ ಅನ್ನುತ್ತಾನೆ, ಆಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಹೊರಡುತ್ತಾನೆ. ಕೊನೆಯ ಚೌಕದಲ್ಲಿ ದೋಣಿ ನಡುಹೊಳೆಯಲ್ಲಿ ಓರೆಯಾಗಿದೆ.

ಮಳೆಯ ಗೆರೆಗಳನ್ನು ಅವರು ಬಿಳಿ ಬಣ್ಣದಲ್ಲಿ ಬರೆದಿಲ್ಲ. ಕಪ್ಪು ಮಸಿ ಪೂರ್ತಿ ಒಣಗಿದ ಮೇಲೆ ಬ್ಲೇಡಿನ ತುದಿಯಿಂದ ಕೆರೆದಿದ್ದಾರೆ. ಹಾಳೆಯನ್ನು ಓರೆ ಬೆಳಕಿಗೆ ಹಿಡಿದರೆ ಒಂದೊಂದು ಗೆರೆಯೂ ಸಣ್ಣ ತೋಡು. ಶುರುವಿನಲ್ಲಿ ಆಳ, ಕೊನೆಯಲ್ಲಿ ತೆಳು. ಕೈ ಎಲ್ಲಿ ಒತ್ತಿತು, ಎಲ್ಲಿ ಸಡಿಲ ಬಿಟ್ಟಿತು ಅಂತ ಗೊತ್ತಾಗುತ್ತದೆ. ಮನೆ ಹತ್ತಿರದ ಚೌಕಗಳಲ್ಲಿ ಮಳೆ ನೆಟ್ಟಗೆ ಇದೆ, ಹೊಳೆಯ ಮೇಲೆ ಓರೆ ಇದೆ. ಬಯಲಿಗೆ ಬಂದ ಕೂಡಲೇ ಗಾಳಿ ಹೊಡೆಯುತ್ತದಲ್ಲ, ಅದಕ್ಕೆ. ಅಚ್ಚಿನ ಪುಟದಲ್ಲಿ ನಾನಿದನ್ನು ಎಷ್ಟೋ ಸಲ ನೋಡಿದ್ದೆ. ಇದು ಯೋಚಿಸಿ ಮಾಡಿದ್ದು ಅಂತ ತಿಳಿದದ್ದು ತೋಡುಗಳನ್ನು ನೋಡಿದ ಮೇಲೆ.

ಐದನೇ ಚೌಕದಲ್ಲಿ ಅಂಬಿಗ ಗಳ ಹಿಡಿದು ನಿಂತಿದ್ದಾನೆ. ಅವನ ಬಲಗೈ ಸುತ್ತ ಬಿಳಿ ಬಣ್ಣ ದಪ್ಪಗಿದೆ. ಅದರ ಕೆಳಗೆ ಇನ್ನೊಂದು ಕೈ ಇದೆ, ಮೇಲೆ ಎತ್ತಿದ ಕೈ. ಮೊದಲು ಅಂಬಿಗ ಹುಡುಗನಿಗೆ ಏನೋ ಕೂಗಿ ಹೇಳುತ್ತಿದ್ದ ಅಂತ ಕಾಣುತ್ತದೆ. ಆಮೇಲೆ ಕಲಾವಿದರು ಮನಸ್ಸು ಬದಲಿಸಿ ಎರಡೂ ಕೈಯನ್ನು ಗಳಕ್ಕೆ ಕೊಟ್ಟರು. ಪ್ರವಾಹದಲ್ಲಿ ಒಂದು ಕೈ ಬಿಟ್ಟು ದೋಣಿ ನಡೆಸುವವರು ಯಾರೂ ಇಲ್ಲ. ದೋಣಿ ಕಂಡವರಿಗೆ ಮಾತ್ರ ಇದು ಹೊಳೆಯುತ್ತದೆ.

ಇನ್ನು ಎರಡನೇ ಚೌಕ. ನಾನು ಇಷ್ಟೆಲ್ಲ ಬರೆಯುತ್ತಿರುವುದು ಅದಕ್ಕಾಗಿಯೇ.

ಅಂಬಿಗನ ಮನೆ ಜಗುಲಿ. ಬಾಗಿಲಲ್ಲಿ ಬುಡ್ಡಿ ದೀಪ ಹಿಡಿದ ಹೆಂಗಸು. ಅಚ್ಚಿನ ಪುಟದಲ್ಲಿ ಅವಳ ಹಿಂದಿನ ಗೋಡೆ ಸುಮ್ನೆ ಬೂದು ಬಣ್ಣದ ಒಂದು ಚಪ್ಪಟೆ ಜಾಗ. ಇಲ್ಲಿ ಮೂಲದಲ್ಲಿ ಅದು ಬೂದು ಅಲ್ಲ. ಅದು ಹಸೆ ಚಿತ್ತಾರ. ಸಾಗರ, ಸೊರಬ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಬರೆಯುತ್ತಾರಲ್ಲ, ಅದೇ. ಎಳೆ ಎಳೆಯಾಗಿ, ಚೌಕದೊಳಗೆ ಚೌಕವಾಗಿ, ನಡುವೆ ಮದುಮಗ ಮದುಮಗಳ ಗೊಂಬೆಗಳ ಸಮೇತ, ಇಡೀ ಹಸೆಯನ್ನು ಬೆರಳಗಲದ ಜಾಗದಲ್ಲಿ ನಿಬ್ಬಿನಿಂದ ಬರೆದಿದ್ದಾರೆ. ಭೂತಗನ್ನಡಿ ಹಿಡಿದು ನೋಡಿದೆ. ಒಂದು ಎಳೆ ಇನ್ನೊಂದಕ್ಕೆ ತಾಗಿಲ್ಲ.

ಇಷ್ಟು ಸಣ್ಣ ಗೆರೆಗಳನ್ನು ಅರ್ಧಕ್ಕೆ ಇಳಿಸಿ ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚು ಹಾಕಿದರೆ ಮಸಿ ಹರಡಿ ಎಳೆಗಳೆಲ್ಲ ಒಂದಕ್ಕೊಂದು ಕೂಡಿಬಿಡುತ್ತವೆ. ಹಾಗೇ ಆಗಿದೆ. ಇದು ಕಲಾವಿದರಿಗೆ ಗೊತ್ತಿರಲಿಲ್ಲ ಅನ್ನಲು ಆಗುವುದಿಲ್ಲ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು. ಯಾವ ಗೆರೆ ಅಚ್ಚಿನಲ್ಲಿ ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನೋದು ಅವರಿಗೆ ಬೆರಳ ತುದಿಯಲ್ಲಿ ಇರುತ್ತದೆ. ನಮಗೆ ತಲುಪುವುದಿಲ್ಲ ಅಂತ ಗೊತ್ತಿದ್ದೂ ಬರೆದರು. ಒಂದು ಪುಟಕ್ಕೆ ಇಷ್ಟು ಅಂತ ಕಾಸು ಎಣಿಸಿ ಕೊಡುತ್ತಿದ್ದ ಕೆಲಸದಲ್ಲಿ, ಯಾರೂ ನೋಡದ ಒಂದು ಗೋಡೆಗೆ ಅವರು ಒಂದು ರಾತ್ರಿಯನ್ನಾದರೂ ಕೊಟ್ಟಿರಬೇಕು.

ಯಾಕೆ ಅಂತ ತಿಳಿದದ್ದು ಅವರ ಮನೆಗೆ ಹೋದ ಮೇಲೆ.

ಹಾಳೆಗೆ ಕಟ್ಟು ಹಾಕಿಸಲು ಕೊಟ್ಟವರು ಅವರ ಮಗ. ಅವರಿಗೆ ಫೋನ್ ಮಾಡಿ, ಒಂದು ಭಾನುವಾರ ಹೊರಟೆ. ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಮೊದಲಾದರೆ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಕಾಯುವ ಮಾತಿಲ್ಲ. ಅಂಗಳದಲ್ಲಿ ಅಡಿಕೆ ಹರವಿತ್ತು, ಹಂಡೆಯಲ್ಲಿ ಬೇಯಿಸಿದ ಚೊಗರಿನ ವಾಸನೆ. ಕಲಾವಿದರ ಹೆಂಡತಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಮೆಟ್ಟುಗತ್ತಿ ಬದಿಗಿಟ್ಟು ಕಷಾಯ ಕೊಟ್ಟರು. ನಾನು ಬಂದ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ.

"ಆ ಹಳೇ ಕಾಗ್ದ ತಗಂಡು ಎಂತ ಮಾಡ್ತೀರಿ ತಮ್ಮಾ? ಪುಸ್ತಕದಾಗೆ ಬಂದದ್ದೇ ಚೆಂದ ಇರ್ತಿತ್ತಲ್ಲ?"

ನಾನು ಮೊಬೈಲಿನಲ್ಲಿ ಎರಡನೇ ಚೌಕವನ್ನು ದೊಡ್ಡದು ಮಾಡಿ ತೋರಿಸಿದೆ. ಅಚ್ಚಿನ ಪುಟವನ್ನೂ ಪಕ್ಕದಲ್ಲಿ ಇಟ್ಟೆ. ಅವರು ಎರಡನ್ನೂ ನೋಡಿದರು. ಕನ್ನಡಕ ತರಿಸಿಕೊಂಡು ಮತ್ತೆ ನೋಡಿದರು.

"ಇದು ಅತ್ತೆಮ್ಮ ಬರೀತಿದ್ದ ಹಸೆ" ಅಂದರು. "ಹಳೇ ಮನೆ ಗೋಡೇದು. ನಮ್ಮ ಮದ್ವೆ ಆಗಿದ್ದು ಈಚೆ ಬಂದ ಮ್ಯಾಲೆ. ಆದ್ರೂ ಅತ್ತೆಮ್ಮ ಇದೇ ಹಸೆ ಬರ್ದಿದ್ರು."

ಹಳೇ ಮನೆ ಅಂದರೆ ನೀರಿನ ಕೆಳಗೆ ಹೋದ ಮನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ತೋಟಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿದೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಅದು ಮೇಲೆ ಏಳುತ್ತದೆ, ಜನ ನೋಡಲು ಹೋಗುತ್ತಾರೆ. ಕಲ್ಲಿನ ಕಟ್ಟಡ, ಹಾಗಾಗಿ ನಿಂತಿದೆ. ಮಣ್ಣಿನ ಗೋಡೆಗೆ ಆ ಭಾಗ್ಯ ಇಲ್ಲ. ಅದರ ಮೇಲಿನ ಕೆಮ್ಮಣ್ಣು, ಅಕ್ಕಿ ಅರೆದ ಬಿಳಿ, ಹುರಿದಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆ, ಎಲ್ಲ ಮೊದಲ ಮಳೆಗಾಲದಲ್ಲೇ ಕರಗಿರುತ್ತದೆ.

ಹದಿನೇಳನೇ ಶತಮಾನದ ಅಂಬಿಗನ ಮನೆಯನ್ನು ಬರೆಯಬೇಕಾಗಿ ಬಂದಾಗ ಆ ಮನುಷ್ಯ ತನ್ನ ತಾಯಿಯ ಗೋಡೆಯನ್ನು ಬರೆದರು. ಅಚ್ಚಿನಲ್ಲಿ ಬಾರದಿದ್ದರೂ ಅವರಿಗೆ ಅದು ಅಲ್ಲಿ ಇರಬೇಕಿತ್ತು. ನನಗೆ ಆ ಪುಟ ಬೇಕೇ ಬೇಕು ಅನ್ನಿಸಿತು. ಅಷ್ಟೇ ಬಲವಾಗಿ, ಇದನ್ನು ಈ ಮನೆಯಿಂದ ಒಯ್ಯುವುದು ಸರಿಯೇ ಅಂತಲೂ ಅನ್ನಿಸಿತು. ಎರಡನ್ನೂ ಬಾಯಿಬಿಟ್ಟು ಹೇಳಿದೆ.

ಮಗನಿಗೆ ಬೇರೆ ಚಿಂತೆ ಇತ್ತು. ಅವರು ಅಂತರ್ಜಾಲದಲ್ಲಿ ಹುಡುಕಿ ನೋಡಿದ್ದರು. ಸ್ಪೈಡರ್ ಮ್ಯಾನ್‌ನ ಕಪ್ಪು ಉಡುಪಿನ ಕಥೆ ಶುರುವಾಗುವ, 1984ರ ಒಂದೇ ಒಂದು ಪುಟ 2022ರ ಜನವರಿಯಲ್ಲಿ 33.6 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಆಗ ಸುಮಾರು 25 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಟಿನ್‌ಟಿನ್‌ನ 'ನೀಲಿ ಕಮಲ' ಕಾಮಿಕ್ಸಿನ ಮುಖಪುಟಕ್ಕೆಂದು ಅದರ ಕಲಾವಿದ ಹರ್ಜೆ ಬರೆದಿದ್ದ ಚಿತ್ರ ಪ್ಯಾರಿಸ್ಸಿನಲ್ಲಿ ಸುಮಾರು 32 ಲಕ್ಷ ಯೂರೋಗೆ ಹೋಯಿತು. "ಸರ್, ಹಂಗಾದ್ರೆ ಇದಕ್ಕೆಷ್ಟು?" ಅಂತ ಅವರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಕನ್ನಡದ ಚಿತ್ರಕಥೆಯ ಮೂಲ ಹಾಳೆಗೆ ಬೆಲೆ ಗೊತ್ತುಮಾಡುವ ಸಂತೆ ಯಾವುದೂ ಇಲ್ಲ ಅಂತ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಕೈಯಲ್ಲಿ ಎಷ್ಟಾಗುತ್ತದೆ ಅಂತಲೂ ಹೇಳಿದೆ. ಅದು ಅವರಿಗೆ ಒಪ್ಪಿಗೆಯಾಯಿತು. ಮೊತ್ತ ಇಲ್ಲಿ ಬೇಡ. ನಾಳೆ ಇನ್ಯಾರೋ ಅದನ್ನೇ ದರ ಅಂತ ಹಿಡಿದು ಬೇರೆ ಮನೆಯವರನ್ನು ಕಟ್ಟಿಹಾಕುವುದು ನನಗೆ ಇಷ್ಟವಿಲ್ಲ.

ಇನ್ನೊಂದು ವಿಷಯವನ್ನು ಕಾಗದದಲ್ಲಿ ಬರೆದುಕೊಂಡೆವು. ಹಾಳೆ ನನ್ನದಾದ ಮಾತ್ರಕ್ಕೆ ಚಿತ್ರದ ಹಕ್ಕು ನನ್ನದಾಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾಕೃತಿಯ ಹಕ್ಕು ಕಲಾವಿದರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಹಾಳೆ ಕೊಂಡವರು ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಮಾರಬಹುದು. ಪೋಸ್ಟರ್ ಮಾಡಿ ಹಂಚುವ ಹಾಗಿಲ್ಲ. ಈ ಬರಹದ ಜೊತೆ ಪುಟದ ಚಿತ್ರ ಹಾಕದೆ ಇರುವುದು ಅದಕ್ಕೇ. ಅದೇ ಕಾಯ್ದೆಯಲ್ಲಿ 53ಎ ಅಂತ ಒಂದು ಕಲಂ ಇದೆ. ಮೂಲ ಚಿತ್ರ 10,000 ರೂಪಾಯಿಗಿಂತ ಜಾಸ್ತಿ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ, ಅವರು ಇಲ್ಲದಿದ್ದರೆ ವಾರಸುದಾರರಿಗೆ, ಒಂದು ಪಾಲು ಕೇಳುವ ಹಕ್ಕನ್ನು ಅದು ಕೊಡುತ್ತದೆ. ಕೃತಿಯ ಮೊದಲ ಹಕ್ಕು ಕಲಾವಿದರದ್ದೇ ಆಗಿರಬೇಕು, ಪಾಲು ಶೇ. 10 ಮೀರುವ ಹಾಗಿಲ್ಲ. ನಮ್ಮಲ್ಲಿ ಎಷ್ಟು ಜನ ಕಲಾವಿದರ ಮನೆಯವರಿಗೆ ಇದು ಗೊತ್ತಿದೆ? ಗೊತ್ತಿರಬೇಕು. ನಾನು ಈ ಪುಟವನ್ನು ಮಾರುವುದಿಲ್ಲ, ಇಟ್ಟುಕೊಳ್ಳಲು ಆಗದ ಕಾಲ ಬಂದರೆ ಮೊದಲು ಅವರ ಮನೆಗೇ ವಾಪಸು ಕೊಡುತ್ತೇನೆ ಅಂತ ಕೆಳಗೆ ಬರೆದು ಸಹಿ ಹಾಕಿದೆ.

ಆ ಮನೆಯ ಅಮ್ಮನಿಗೆ, ಕಲಾವಿದರ ಹೆಂಡತಿಗೆ, ಇದೆಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಹಸೆಯ ಭಾಗವನ್ನು ದೊಡ್ಡದು ಮಾಡಿ, ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಪ್ರತಿ ಮಾಡಿಸಿ ಕೊಡಬೇಕು ಅಂದರು. "ಹುಡ್ಗೀರು ಎಳೆ ಮರ್ತಿದಾರೆ. ನೋಡ್ಕಂಡು ಬರೀಲಿ." ಅದನ್ನು ಮಾಡಿಸಿಕೊಟ್ಟೆ. ಶಿವಮೊಗ್ಗದಲ್ಲೇ ಒಳ್ಳೆಯ ಸ್ಕ್ಯಾನ್ ಆಯಿತು. ಹಣ ಕೊಟ್ಟದ್ದಕ್ಕಿಂತ ಇದು ನನಗೆ ಜಾಸ್ತಿ ಸಮಾಧಾನ ತಂದಿದೆ.

ಈ ಹಾಳೆ ಉಳಿದದ್ದೇ ಒಂದು ಪುಣ್ಯ. ಆಗಿನ ಮಾಸಿಕಗಳಲ್ಲಿ ಮೂಲ ಚಿತ್ರ ವಾಪಸು ಕೊಡಬೇಕು ಅನ್ನುವ ಯೋಚನೆಯೇ ಕಡಿಮೆ. ಕಲಾವಿದರು ಒಮ್ಮೆ ಸಂಭಾವನೆಗೆಂದು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದಾಗ ಅವರ ಹಾಳೆಗಳನ್ನು ರದ್ದಿ ಕಾಗದದ ಜೊತೆ ಕಟ್ಟಿ ಮೂಲೆಯಲ್ಲಿ ಇಟ್ಟಿದ್ದರಂತೆ. ಕೇಳಿ ಕೆಲವನ್ನು ತಂದರು. ಉಳಿದವು ಹೋದವು. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಕಾಮಿಕ್ಸ್ ಕಲಾವಿದ ಜಾಕ್ ಕರ್ಬಿ ಸಾವಿರಾರು ಪುಟ ಬರೆದವರು. ತಮ್ಮ ಹಾಳೆಗಳನ್ನು ವಾಪಸು ಪಡೆಯಲು ಅವರು ಪ್ರಕಾಶಕರ ಜೊತೆ ವರ್ಷಗಟ್ಟಲೆ ಜಗಳ ಆಡಬೇಕಾಯಿತು. 1987ರಲ್ಲಿ ಅವರ ಕೈಗೆ ಬಂದದ್ದು ಸುಮಾರು 2,000 ಪುಟ ಮಾತ್ರ. ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿಯೂ ಇದೆ. ಸ್ಪೈಡರ್ ಮ್ಯಾನ್ ಮೊದಲು ಕಾಣಿಸಿಕೊಂಡ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ ಮೂಲ ಪುಟಗಳನ್ನು 2008ರಲ್ಲಿ ಯಾರೋ ಹೆಸರು ಹೇಳದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ದಾನ ಕೊಟ್ಟುಬಿಟ್ಟರು. ಮಾರಿದ್ದರೆ ಎಷ್ಟು ಬರುತ್ತಿತ್ತು ಅಂತ ನೀವೇ ಊಹಿಸಿ. ನನಗೆ ಆ ಕೋಟಿಗಳ ಹರಾಜಿಗಿಂತ ಈ ದಾನಿಯ ಮೇಲೆ ಗೌರವ ಜಾಸ್ತಿ.

ನಮ್ಮ ಭಾಷೆಗೆ ಚಿತ್ರಕಥೆ ಹೊಸದೇನಲ್ಲ. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ. ಅದು ಕಾಮಿಕ್ಸ್ ಅಲ್ಲ, ಆದರೆ ಚಿತ್ರದ ಜೊತೆ ಕಥೆ ಓದುವ ರುಚಿ ಹತ್ತಿಸಿದ್ದು ಅದು. ವಿಕ್ರಮ ಬೇತಾಳ ಅಂದರೆ ಇವತ್ತಿಗೂ ಶಂಕರ್ ಬರೆದ ಚಿತ್ರವೇ ಕಣ್ಣ ಮುಂದೆ ಬರುತ್ತದೆ, ಅಲ್ವಾ? 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಬಂತು. ಅಮರ ಚಿತ್ರಕಥೆಯ ಮೊದಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲೇ ಬಂದವು. ಅವು ಹೊರದೇಶದ ಕಥೆಗಳು. ಸಂಪಾದಕ ಅನಂತ ಪೈ ಅವರ ಕೈಯಲ್ಲಿ ಅದು ನಮ್ಮ ಪುರಾಣ, ಇತಿಹಾಸದ ಕಡೆ ತಿರುಗಿತು. ರಾಮ್ ವಾಯೀರ್ಕರ್, ಪ್ರತಾಪ್ ಮುಳ್ಳಿಕ್ ಅಂಥವರ ಗೆರೆಗಳ ಮೇಲೆ ನನ್ನ ವಾರಿಗೆಯವರೆಲ್ಲ ಬೆಳೆದೆವು.

ಆದರೆ ಒಂದು ಮಾತು. ಹಲವು ಭಾಷೆಗಳಲ್ಲಿ ಬರುವ ಕಾಮಿಕ್ಸ್‌ನಲ್ಲಿ ಬಣ್ಣವನ್ನು ಅಚ್ಚು ಹಾಕುವ ಪ್ಲೇಟುಗಳು ಎಲ್ಲ ಭಾಷೆಗೂ ಅವೇ ಇರುತ್ತವೆ. ಅಕ್ಷರ ಇರುವ ಕಪ್ಪು ಪ್ಲೇಟು ಮಾತ್ರ ಬದಲಾಗುತ್ತದೆ. ಅಂದರೆ ನಾವು ಕನ್ನಡದಲ್ಲಿ ಓದಿ ಪ್ರೀತಿಸಿದ ಎಷ್ಟೋ ಪುಟಗಳ ಮೂಲ ಹಾಳೆಯಲ್ಲಿ ಕನ್ನಡ ಇರಲೇ ಇಲ್ಲ. ಕನ್ನಡಕ್ಕೆಂದೇ ಬರೆದ, ಕನ್ನಡದ ಚೀಟಿಗಳನ್ನೇ ಮೈಮೇಲೆ ಅಂಟಿಸಿಕೊಂಡ ಹಾಳೆ ಅಪರೂಪ. ನಮ್ಮ ಪುಟದ ಒಂದು ಚೀಟಿಯ ಅಂಟು ಒಣಗಿ ಕಂದು ಕಲೆಯಾಗಿದೆ, ಚೀಟಿ ಅರ್ಧ ಎದ್ದಿದೆ. ಅದರ ಕೆಳಗೆ ಕಲಾವಿದರೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ ಮಾತು ಇದೆ. ಅದನ್ನು ನಾನು ಮತ್ತೆ ಅಂಟಿಸಿಲ್ಲ. ಅಂಟಿಸುವುದೂ ಇಲ್ಲ.

ನಮ್ಮ ಜಿಲ್ಲೆಗೆ ಹಳೆಯದನ್ನು ಉಳಿಸಿಕೊಳ್ಳುವುದು ಗೊತ್ತಿಲ್ಲ ಅಂತೇನಿಲ್ಲ. ಕೆಳದಿಯ ಮ್ಯೂಸಿಯಂನಲ್ಲಿ ತಾಳೆಗರಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಅರಸಾಳು ರೈಲು ನಿಲ್ದಾಣದ ಹಳೇ ಕಟ್ಟಡವನ್ನು 2020ರಲ್ಲಿ ಮ್ಯೂಸಿಯಂ ಮಾಡಿದರು. ಆ ಸರಣಿಗೆ ಗೆರೆ ಎಳೆದದ್ದು ಆರ್.ಕೆ. ಲಕ್ಷ್ಮಣ್. ಹಾಗಿದ್ದ ಮೇಲೆ ಮಕ್ಕಳ ಮಾಸಿಕಕ್ಕೆ ಬರೆದ ಚಿತ್ರಗಳಿಗೂ ಒಂದು ಕಪಾಟು ಎಲ್ಲಾದರೂ ಬೇಕು. ಈಗ ಅವು ಇರುವುದು ಅಟ್ಟದ ಮೇಲೆ.

ಅಟ್ಟವೂ ಕೆಟ್ಟ ಜಾಗ ಅಲ್ಲ ಅಂತ ಈ ಮನೆಯಲ್ಲಿ ಗೊತ್ತಾಯಿತು. ಕಲಾವಿದರು ಹಾಳೆಗಳನ್ನು ಎರಡು ಅಡಿಕೆ ಹಾಳೆಗಳ ನಡುವೆ ಚಪ್ಪಟೆಯಾಗಿ ಇಟ್ಟು, ದಾರ ಕಟ್ಟಿ, ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಹೊಗೆಗೆ ಕಾಗದ ಕಂದಿದೆ. ಆದರೆ ಬೂಷ್ಟು ಇಲ್ಲ, ಗೆದ್ದಲು ಇಲ್ಲ, ಹುಳ ತಿಂದ ಒಂದು ತೂತೂ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಇರುವ ಜಿಲ್ಲೆ ಇದು. ಬೀರುವಿನಲ್ಲಿ ಇಟ್ಟ ಬಟ್ಟೆಯೇ ಶ್ರಾವಣದ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಅಂಥಲ್ಲಿ ನಲವತ್ತು ಚಿಲ್ಲರೆ ಮಳೆಗಾಲವನ್ನು ಆ ಹೊಗೆ ಕಾದಿದೆ.

ನಮ್ಮ ಮನೆಯಲ್ಲಿ ಗ್ಯಾಸ್ ಒಲೆ, ಹೊಗೆ ಇಲ್ಲ. ಹಾಗಾಗಿ ಬೇರೆ ದಾರಿ ಮಾಡಿಕೊಂಡಿದ್ದೇನೆ. ಲ್ಯಾಮಿನೇಷನ್ ಮಾಡಿಸಿ ಅಂತ ಹೇಳಿದವರು ಹಲವರು. ದಯವಿಟ್ಟು ಯಾರೂ ಮಾಡಿಸಬೇಡಿ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ. ಇಂಡಿಯನ್ ಇಂಕಿನ ಕಪ್ಪು ಬಣ್ಣ ಹೊಗೆಯ ಕರಿಯಿಂದ, ಅಂದರೆ ಇಂಗಾಲದಿಂದ ಬಂದದ್ದು, ಬೆಳಕಿಗೆ ಅದು ಮಾಸುವುದಿಲ್ಲ. ಕೆಡುವುದು ಕಾಗದ. ಅಗ್ಗದ ಕಾಗದದಲ್ಲಿ ಹುಳಿ ಅಂಶ ಇರುತ್ತದೆ, ಅದೇ ಒಳಗಿನಿಂದ ಕಾಗದವನ್ನು ಹಳದಿ ಮಾಡಿ ಪುಡಿ ಮಾಡುತ್ತದೆ. ಅದಕ್ಕೆ ಹುಳಿ ಇಲ್ಲದ ಬೋರ್ಡನ್ನು ಬೆಂಗಳೂರಿನಿಂದ ತರಿಸಿದೆ. ದುರ್ಗಿಗುಡಿಯ ಅಂಗಡಿಯವರೇ ಕೂತು, ಗಾಜು ಮಸಿಗೆ ತಾಗದ ಹಾಗೆ ನಡುವೆ ಸಂದು ಬಿಟ್ಟು, ಅಂಚು ಪೂರ್ತಿ ಕಾಣುವ ಹಾಗೆ ಕಟ್ಟು ಹಾಕಿಕೊಟ್ಟರು. "ಮಳೆ ಸ್ವಲ್ಪ ಕಡಿಮೆ ಮಾಡಿ" ಅನ್ನುವ ಸಾಲು ಮುಚ್ಚಬಾರದು ಅಂತ ನನಗಿಂತ ಅವರಿಗೇ ಹಟ.

ಮಳೆಗೆ ನೆನೆಯುವ ಹೊರಗೋಡೆಗೆ ನೇತು ಹಾಕಿಲ್ಲ, ಒಳಗೋಡೆಗೆ ಹಾಕಿದ್ದೇನೆ. ಜೂನ್ ಬಂದ ಕೂಡಲೇ ಇಳಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಮಲಗಿಸಿ ಇಡುವುದು, ದೀಪಾವಳಿಗೆ ಹೊರಗೆ ತೆಗೆಯುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ತುಮರಿ ಕಡೆಯ ಆ ಅಮ್ಮ ಒಂದು ಕಟ್ಟು ಒಣಗಿದ ಬಜೆ ಬೇರು ಕಳಿಸಿಕೊಟ್ಟಿದ್ದಾರೆ, ಹುಳಕ್ಕೆ. ಅದನ್ನು ಕಾಗದಕ್ಕೆ ತಾಗದ ಹಾಗೆ ಡಬ್ಬಿಯ ಮೂಲೆಯಲ್ಲಿ ಇಡುತ್ತೇನೆ.

ಉಳಿದ ಹಾಳೆಗಳನ್ನು ಅವರು ಮಾರುವುದಿಲ್ಲ ಅಂದಿದ್ದಾರೆ. ನನಗೆ ಖುಷಿಯೇ ಆಯಿತು. ಮಗ ಒಂದೊಂದೇ ತಂದು ಸ್ಕ್ಯಾನ್ ಮಾಡಿಸುತ್ತಿದ್ದಾರೆ, ಅಚ್ಚಾದ ಸಂಚಿಕೆಗಳ ಜೊತೆ ನಾನು ಹೊಂದಿಸಿ ಪಟ್ಟಿ ಮಾಡುತ್ತಿದ್ದೇನೆ. ತೊಡಕು ಬಂದಿರುವುದು ಕಥೆಯ ಕೊನೆಯ ಭಾಗದಲ್ಲಿ. ದೋಣಿ ಓರೆಯಾದ ಪುಟದ ಮುಂದಿನ ಎರಡು ಕಂತು ನನ್ನ ಹತ್ತಿರವೂ ಇಲ್ಲ, ಅವರ ಹತ್ತಿರ ಆ ಹಾಳೆಗಳೂ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಮನೆಯ ಅಟ್ಟದಲ್ಲಾದರೂ 1981ರ ಮಕ್ಕಳ ಮಾಸಿಕಗಳ ಕಟ್ಟು ಇದ್ದರೆ ಒಮ್ಮೆ ಬಿಚ್ಚಿ ನೋಡಿ. ಕಂಬಳಿಕೊಪ್ಪೆ ಹಾಕಿದ ಅಂಬಿಗ, ಸೊಂಟಕ್ಕೆ ಓಲೆ ಕಟ್ಟಿಕೊಂಡ ಹುಡುಗ ಕಂಡರೆ ತಿಳಿಸಿ. ಪುಸ್ತಕ ನೀವೇ ಇಟ್ಟುಕೊಳ್ಳಿ. ನಾನೇ ಬಂದು, ನಿಮ್ಮ ಜಗುಲಿಯಲ್ಲೇ ಕೂತು ಫೋಟೋ ತೆಗೆದುಕೊಂಡು ಹೋಗುತ್ತೇನೆ.